ಉಳಿದ ಇಪ್ಪತ್ಮೂರು ಗಂಟೆ

ಓಡುವ ಅಭ್ಯಾಸ ಹೊಸದಾಗಿ ಹಿಡಿದವರ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಬದಲಾಗುವುದು ಕಾಲಲ್ಲ, ರಕ್ತ. ಅದೂ ಒಂದೆರಡು ದಿನದೊಳಗೆ. ಬೆವರು ಕಿತ್ತುಬರುವ ಹಾಗೆ ಓಡಿ ಬಂದರೆ ಮಾರನೆಯ ದಿನದ ಹೊತ್ತಿಗೆ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹತ್ತನೇ ಒಂದರಷ್ಟು ಹೆಚ್ಚಿರಬಹುದು. ಕೆಂಪು ರಕ್ತಕಣಗಳು ಇಷ್ಟು ಚುರುಕಲ್ಲ, ಅವು ಹೆಚ್ಚಲು ವಾರಗಳೇ ಬೇಕು. ಹಾಗಾಗಿ ನಡುವೆ ಯಾರಾದರೂ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಮೊದಲಿಗಿಂತ ಇಳಿದಂತೆ ಕಾಣುತ್ತದೆ. ಕಣಗಳು ಇದ್ದಷ್ಟೇ ಇರುತ್ತವೆ, ನೀರು ಜಾಸ್ತಿಯಾಗಿರುತ್ತದೆ.

ನನ್ನ ರಿಪೋರ್ಟಿನಲ್ಲೂ ಹಾಗೇ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಮೇಲಿಂದ ಕೆಳಗೆ ಓದಿ, "ನಾನು ಹೇಳ್ಲಿಲ್ವಾ? ಓಡಿ ಓಡಿ ಇದ್ದ ರಕ್ತಾನೂ ಸುಟ್ಕೊಂಡ್ಲು" ಎಂದು ಮಗನ ಮುಂದೆ ತೀರ್ಪು ಕೊಟ್ಟರು. ನಮ್ಮ ಹೆಂಗಸರಲ್ಲಿ ಕಬ್ಬಿಣದ ಕೊರತೆ ಮಾಮೂಲಿಯಾದ್ದರಿಂದ ಡಾಕ್ಟರು ಫೆರಿಟಿನ್ ಕೂಡ ನೋಡಿದರು. ಕೊರತೆ ಏನಿಲ್ಲ, ರಕ್ತ ಸ್ವಲ್ಪ ತೆಳುವಾಗಿದೆ, ಹೃದಯ ಒಂದೊಂದು ಸಲಕ್ಕೂ ಹೆಚ್ಚು ರಕ್ತ ತಳ್ಳಲು ಅದು ಅನುಕೂಲವೇ ಅಂದರು. ಅತ್ತೆಗೆ ಈ ವಿವರಣೆ ಹಿಡಿಸಲಿಲ್ಲ. ಬಹಳ ದಿನ ನಮ್ಮನೆಯಲ್ಲಿ ನುಗ್ಗೆಸೊಪ್ಪಿನದೇ ಪಲ್ಯ, ನುಗ್ಗೆಸೊಪ್ಪಿನದೇ ಬಸ್ಸಾರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ರಕ್ತದ ಘಟಕಗಳನ್ನು ಬೋರ್ಡಿನ ಮೇಲೆ ಬರೆದು ಬರೆದು ಅದು ನನಗೆ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿದಿತ್ತು. ಡಾಕ್ಟರನ್ನು ಕಂಡ ಆ ದಿನ ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಅದೇ ಯೋಚನೆ. ಬೆಳಿಗ್ಗೆ ಒಂದು ಕೆರೆ ಸುತ್ತಿ ಬಂದಿದ್ದೆ, ಅಷ್ಟೆ. ಅಷ್ಟಕ್ಕೇ ಒಳಗೆ ಎಲ್ಲೆಲ್ಲಿಗೋ ಸುದ್ದಿ ಮುಟ್ಟಿತ್ತು. ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ತಡೆದಿಟ್ಟುಕೊಂಡಿತ್ತು. ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನು ಹೆಚ್ಚಿ, ಬಂದ ನೀರು ರಕ್ತನಾಳದೊಳಗೇ ನಿಲ್ಲುವ ವ್ಯವಸ್ಥೆಯಾಗಿತ್ತು. ನಾಳೆಯೂ ಓಡುತ್ತೇನೋ ಇಲ್ಲವೋ ನನಗೇ ಖಾತ್ರಿ ಇರಲಿಲ್ಲ. ಮೈ ಮಾತ್ರ ಓಡಿಯೇ ಓಡುತ್ತಾಳೆ ಎಂದು ನಂಬಿ ಸಿದ್ಧತೆ ಮಾಡಿಕೊಂಡು ಕೂತಿತ್ತು. ಇಷ್ಟೆಲ್ಲ ನಡೆಯುವಾಗ ನಾನೇನು ಮಾಡುತ್ತಿದ್ದೆ? ದೋಸೆಗೆ ನೆನೆಹಾಕುತ್ತಿದ್ದೆ, ಹಾಜರಿ ಪುಸ್ತಕ ತುಂಬುತ್ತಿದ್ದೆ, ರಾತ್ರಿ ಗೊರಕೆ ಹೊಡೆಯುತ್ತಿದ್ದೆ.

ಮೈಸೂರಿನಲ್ಲಿ ಓಡುವವರಿಗೆ ಜಾಗಕ್ಕೆ ಬರವಿಲ್ಲ. ಚಾಮುಂಡಿ ಬೆಟ್ಟಕ್ಕೆ ರಸ್ತೆಯೂ ಇದೆ, ಮೆಟ್ಟಿಲೂ ಇದೆ. ಲಿಂಗಾಂಬುಧಿ ಕೆರೆ ಇದೆ. ವಿಶ್ವವಿದ್ಯಾಲಯದ ಮಗ್ಗುಲಿಗೇ ಕುಕ್ಕರಹಳ್ಳಿ ಕೆರೆ ಇದೆ. ಕುವೆಂಪು ವಾಕಿಂಗ್ ಮಾಡುತ್ತಿದ್ದ ಏರಿ ಎಂದು ಅದಕ್ಕೆ ಬೇರೆಯೇ ಮರ್ಯಾದೆ. ಕವಿಗಳು ನಿಧಾನವಾಗಿ ನಡೆದಾಡಿದ ಜಾಗದಲ್ಲಿ ಏದುಸಿರು ಬಿಡುತ್ತಾ ಓಡುವ ಹೆಂಗಸನ್ನು ಕಂಡರೆ ಹಿರಿಯರು ಒಂದು ಕ್ಷಣ ನಿಂತು ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂದು ನೋಡುವುದುಂಟು.

ಜಾಗವಿದೆ, ಹೊತ್ತಿಲ್ಲ. ನಲ್ಲಿಯಲ್ಲಿ ನೀರು ಬಿಡುವ ದಿನ ಒಂದು ಥರ, ಬಿಡದ ದಿನ ಇನ್ನೊಂದು ಥರ. ಮಗಳ ವ್ಯಾನು ಏಳೂ ಮುಕ್ಕಾಲಿಗೆ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತದೆ. ಅತ್ತೆಗೆ ಎದ್ದ ಕೂಡಲೇ ಡಿಕಾಕ್ಷನ್ ಇಳಿದಿರಬೇಕು. ಗಂಡನಿಗೆ ಶಿಫ್ಟ್ ಕೆಲಸ. ಓಟದ ಪುಸ್ತಕಗಳಲ್ಲಿ 16 ವಾರದ ಪಟ್ಟಿ ಕೊಟ್ಟಿರುತ್ತಾರೆ: ಮಂಗಳವಾರ ವೇಗದ ಓಟ, ಗುರುವಾರ ಟೆಂಪೋ, ಭಾನುವಾರ ಲಾಂಗ್ ರನ್. ಪಟ್ಟಿ ಬರೆದ ಮಹಾನುಭಾವರ ಮನೆಯಲ್ಲಿ ಶ್ರಾವಣ ಬರುವುದಿಲ್ಲ. ಗೌರಿ ಹಬ್ಬದ ಹಿಂದಿನ ದಿನದ ಎದುರು 18 ಕಿಲೋಮೀಟರ್ ಎಂದು ಬರೆಯಬೇಕಾದರೆ ಹಬ್ಬದ ಮನೆಯ ಅಡುಗೆಮನೆಗೆ ಒಮ್ಮೆಯೂ ಕಾಲಿಟ್ಟಿರಬಾರದು. ನಮ್ಮ ಓಟದ ಗುಂಪಿನ ಗಂಡಸರು ಭಾನುವಾರ ಓಟ ಮುಗಿಸಿ ಮೈಲಾರಿ ದೋಸೆ ತಿನ್ನಲು ಹೋಗುತ್ತಾರೆ. ಹೆಂಗಸರು ಮನೆಗೆ ಹೋಗಿ ದೋಸೆ ಹುಯ್ಯುತ್ತೇವೆ. ಇದನ್ನು ದೂರು ಎಂದು ತಿಳಿಯಬೇಡಿ. ಸ್ವಲ್ಪ ದೂರೂ ಇದೆ.

ಸಂಸಾರ ಒಂದು ಕಡೆ, ಓಟ ಇನ್ನೊಂದು ಕಡೆ, ಅದರಿಂದ ಕದ್ದು ಇದಕ್ಕೆ ಕೊಡಬೇಕು ಎಂಬ ಲೆಕ್ಕದಲ್ಲೇ ನಾವೆಲ್ಲ ಇರುತ್ತೇವೆ. ಗುಂಪಿನಲ್ಲಿ ನಡೆಯುವ ಮಾತೂ ಅದೇ. ಈ ವಾರ ಎಷ್ಟು ಕದಿಯಲಾಯಿತು, ಯಾರ ಮದುವೆ ಯಾವ ಲಾಂಗ್ ರನ್ ನುಂಗಿತು. ಈ ಲೆಕ್ಕದ ಮೇಲೆಯೇ ನನಗೀಗ ತಕರಾರು.

ಅದಕ್ಕೆ ಮೊದಲು ಹುಮ್ಮಸ್ಸಿನ ವಿಚಾರ ಮುಗಿಸಿಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು: "ದಿನಾ ಅಷ್ಟು ಹೊತ್ತಿಗೇ ಎದ್ದು ಓಡೋಕೆ ಹುಮ್ಮಸ್ಸು ಎಲ್ಲಿಂದ ಬರುತ್ತೆ ಮೇಡಂ?" ಬರುವುದಿಲ್ಲ. ಜನವರಿಯ ಚಳಿಯಲ್ಲಿ, ಇನ್ನೂ ಕತ್ತಲಿರುವಾಗ, ಯಾರಿಗೂ ಬರುವುದಿಲ್ಲ. ಮೊದಲ ಕಿಲೋಮೀಟರ್ ಎಲ್ಲರಿಗೂ ಹಿಂಸೆ. ಕಾಲು ಭಾರ, ಉಸಿರು ಅಡ್ಡಾದಿಡ್ಡಿ, ತಲೆಯೊಳಗೆ ವಾಪಸು ಹೋಗೋಣ ಎಂಬ ಒಂದೇ ಮಾತು. ಇದಕ್ಕೆ ಕಾರಣ ಶರೀರಶಾಸ್ತ್ರದಲ್ಲಿದೆ. ಓಡಲು ಶುರು ಮಾಡಿದ ಕ್ಷಣದಿಂದಲೇ ಸ್ನಾಯುಗಳಿಗೆ ಪೂರ್ತಿ ಆಮ್ಲಜನಕ ಬೇಕು. ಹೃದಯ, ಶ್ವಾಸಕೋಶ ಆ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ಹಿಡಿಯುತ್ತದೆ, ವಯಸ್ಸಾದಂತೆ ಇನ್ನಷ್ಟು. ಅಲ್ಲಿಯವರೆಗೆ ಸ್ನಾಯು ಸಾಲ ಮಾಡಿಯೇ ಕೆಲಸ ನಡೆಸಬೇಕು. ಈ ಆಮ್ಲಜನಕದ ಸಾಲವನ್ನು ವಿವರಿಸಿದವನು ಆರ್ಚಿಬಾಲ್ಡ್ ಹಿಲ್ ಎಂಬ ಇಂಗ್ಲಿಷ್ ವಿಜ್ಞಾನಿ. ಸ್ನಾಯುಗಳ ಅಧ್ಯಯನಕ್ಕೆ 1922ರ ನೊಬೆಲ್ ಪಡೆದವನು. ಅವನು ಸ್ವತಃ ಓಟಗಾರ. ಬಿಟ್ಟ ಉಸಿರನ್ನು ಹಿಡಿಯುವ ಚೀಲ ಬೆನ್ನಿಗೆ ಕಟ್ಟಿಕೊಂಡು ಹುಲ್ಲಿನ ಮೇಲೆ ಸುತ್ತು ಹಾಕಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡವನು. ಇದನ್ನು ತಿಳಿದ ಮೇಲೆ ನನಗೊಂದು ಸಮಾಧಾನ. ಸೋಮಾರಿತನ, ಮನೋಬಲದ ಕೊರತೆ ಎಂದೆಲ್ಲ ನನ್ನನ್ನು ನಾನೇ ಬೈದುಕೊಳ್ಳುವ ಆ ಕಿಲೋಮೀಟರು, ಗಾಳಿ ಕಾಲಿನವರೆಗೆ ಮುಟ್ಟಲು ಹಿಡಿಯುವ ಹೊತ್ತು ಅಷ್ಟೆ.

ಆಮೇಲೆ, ಕುಕ್ಕರಹಳ್ಳಿಯಲ್ಲಾದರೆ ಹೆಜ್ಜಾರ್ಲೆಗಳು ಕೂರುವ ನಡುಗಡ್ಡೆಯ ಮರಗಳು ಕಾಣುವ ತಿರುವಿನ ಹತ್ತಿರ, ಏನೋ ಸರಿಹೋಗುತ್ತದೆ. ಉಸಿರು ಹೆಜ್ಜೆಯ ಲಯಕ್ಕೆ ಬಂದಿರುತ್ತದೆ. ಪಾಚಿ ನೀರಿನ ವಾಸನೆ ಮೂಗಿಗೆ ಬರುತ್ತದೆ. ಅಲ್ಲಿಯವರೆಗೂ ವಾಸನೆ ಇತ್ತು, ನಾನು ಇರಲಿಲ್ಲ. ನೀರಿಗೆ ಇಳಿಯುವ ಹೆಜ್ಜಾರ್ಲೆ ಕಾಲು ಮುಂದೆ ಚಾಚಿ ನೀರಿನ ಮೇಲೆ ಜಾರುತ್ತಾ ಬಂದು ನಿಲ್ಲುತ್ತದೆ, ಆ ಸೀಳಿನ ಎರಡೂ ಬದಿ ಅಲೆ ದಡ ಮುಟ್ಟುವುದು ಕಾಣುತ್ತದೆ. ದೀರ್ಘ ಓಟದಲ್ಲಿ ರಕ್ತದಲ್ಲಿ ಮನಸ್ಸಿಗೆ ಹಿತ ಕೊಡುವ ಅನಂದಮೈಡ್ ಎಂಬ ವಸ್ತು ಹೆಚ್ಚುತ್ತದೆ ಎನ್ನುತ್ತಾರೆ. 1992ರಲ್ಲಿ ಜೆರುಸಲೇಮಿನಲ್ಲಿ ಹಂದಿಯ ಮೆದುಳಿನಿಂದ ಅದನ್ನು ಮೊದಲು ಬೇರ್ಪಡಿಸಿದರು. ಎಲ್ಲ ದಿನವೂ ಅದು ಕೈಹಿಡಿಯುವುದಿಲ್ಲ. ಕೈಹಿಡಿದ ದಿನ ಇಡೀ ತರಗತಿ ಹೋಂವರ್ಕ್ ಮಾಡದೆ ಬಂದರೂ ನನಗೆ ಸಿಟ್ಟು ಬರುವುದಿಲ್ಲ, ಮಕ್ಕಳೂ ಇದನ್ನು ಕಂಡುಕೊಂಡಿದ್ದಾರೆ.

ನನ್ನನ್ನು ಇದಕ್ಕಿಂತಲೂ ಬೆರಗುಗೊಳಿಸಿದ್ದು ಮೈಟೊಕಾಂಡ್ರಿಯ. "ಜೀವಕೋಶದ ಶಕ್ತಿಕೇಂದ್ರ" ಎಂದು ಮಕ್ಕಳು ರಾಗವಾಗಿ ಹೇಳುವ ಉತ್ತರ. ನಾನೂ ಉದ್ದಕ್ಕೆ ಸೀಳಿದ ಕಡಲೆಕಾಯಿಯ ಹಾಗೆ ಅದರ ಚಿತ್ರ ಬರೆದು, ಒಳಗೆ ಅಂಕುಡೊಂಕು ಗೆರೆ ಎಳೆದು, ಭಾಗಗಳನ್ನು ಗುರುತಿಸಿ ಎಂದು ಹೇಳಿ ಕೈ ಝಾಡಿಸಿಕೊಳ್ಳುತ್ತಿದ್ದೆ. 1967ರಲ್ಲಿ ಅದರ ಬಗ್ಗೆ ಎರಡು ಪ್ರಬಂಧಗಳು ಬಂದವು. ಒಂದು ಲಿನ್ ಮಾರ್ಗುಲಿಸ್ ಅವರದು. ಹತ್ತಾರು ಪತ್ರಿಕೆಗಳು ಬೇಡವೆಂದು ಹಿಂದಿರುಗಿಸಿದ ಮೇಲೆ ಕೊನೆಗೂ ಅಚ್ಚಾದದ್ದು. ಮೈಟೊಕಾಂಡ್ರಿಯಗಳು ಒಂದು ಕಾಲಕ್ಕೆ ತಮ್ಮಷ್ಟಕ್ಕೆ ತಾವು ಬದುಕುತ್ತಿದ್ದ ಬ್ಯಾಕ್ಟೀರಿಯಗಳು, ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇನ್ನೊಂದು ಜೀವಕೋಶದೊಳಗೆ ಸೇರಿ ಅಲ್ಲೇ ಮನೆ ಮಾಡಿಕೊಂಡವು ಎಂಬ ವಾದ. ಇವತ್ತು ಅದು ಪಠ್ಯಪುಸ್ತಕದಲ್ಲಿದೆ. ಇನ್ನೊಂದು ಅಮೆರಿಕದ ಜಾನ್ ಹಾಲೋಸಿ ಅವರದು. ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ ನೋಡಿದರೆ ಅವುಗಳ ಕಾಲಿನ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯದ ಸಾಮರ್ಥ್ಯ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು.

ಅದೇ 1967ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ 261ರ ಚೀಟಿ ಕಟ್ಟಿಕೊಂಡು ಓಡುತ್ತಿದ್ದ ಕ್ಯಾಥರಿನ್ ಸ್ವಿಟ್ಜರ್ ಮೇಲೆ ಓಟದ ಅಧಿಕಾರಿಯೊಬ್ಬ ಎಗರಿ ಬಿದ್ದು ಚೀಟಿ ಕೀಳಲು ನೋಡಿದ. ಹೆಂಗಸರ ಮೈ ಅಷ್ಟು ದೂರಕ್ಕೆ ತಾಳುವುದಿಲ್ಲ ಎಂಬುದು ಆಗಿನ ತಿಳಿವಳಿಕೆ. ಆಕೆ ಓಡಿ ಮುಗಿಸಿದಳು. ಬಾಸ್ಟನ್ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ, ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ನಡೆದದ್ದು 1984ರಲ್ಲಿ. 1967ರ ಈ ಮೂರು ಘಟನೆಗಳಿಗೂ ಪರಸ್ಪರ ಸಂಬಂಧವಿಲ್ಲ. ನನ್ನ ತಲೆಯಲ್ಲಿ ಮಾತ್ರ ಅವು ಒಟ್ಟಿಗೇ ಬರುತ್ತವೆ, ಏಕೆಂದರೆ ಮೈಟೊಕಾಂಡ್ರಿಯ ನಮಗೆ ಬರುವುದು ತಾಯಿಯಿಂದ. ಅಪ್ಪನ ಪಾಲು ಅದರಲ್ಲಿ ಇಲ್ಲವೆಂದೇ ಹೇಳಬೇಕು.

ನನ್ನ ಅವ್ವ ನಾಗಮಂಗಲದ ಕಡೆಯವಳು. ಕರು ಹಗ್ಗ ಕಿತ್ತುಕೊಂಡು ಹೋದಾಗ ಬಿಟ್ಟರೆ ಅವಳು ಓಡಿದ್ದನ್ನು ನಾನು ಕಂಡಿಲ್ಲ. ಹೊಲಕ್ಕೆ ಬುತ್ತಿ ಹೊತ್ತು ನಡೆಯುವುದು, ಬಾವಿಯಿಂದ ನೀರು ಸೇದುವುದು, ಸೌದೆ ತರುವುದು ಇವೆಲ್ಲ ಅವಳ ಲೆಕ್ಕದಲ್ಲಿ ಕೆಲಸ. ಅದಕ್ಕೆ ಬೇರೆ ಹೆಸರಿಲ್ಲ. ನಾನು ಕೆರೆ ಸುತ್ತಿ ಬಂದ ದಿನ ನನ್ನ ತೊಡೆಯೊಳಗೆ ಹೆಚ್ಚುತ್ತಿರುವ ಮೈಟೊಕಾಂಡ್ರಿಯಗಳು ಅವಳು ಕೊಟ್ಟವು, ಅವಳಿಗೆ ಅಜ್ಜಿ ಕೊಟ್ಟವು, ಅಜ್ಜಿಗೆ ಹೆಸರೂ ಗೊತ್ತಿಲ್ಲದ ಯಾರೋ ಕೊಟ್ಟವು. ಊರಿಗೆ ಹೋದಾಗ ಅವ್ವನಿಗೆ ಇದನ್ನು ಬಿಡಿಸಿ ಹೇಳಲು ನೋಡಿದೆ. ಎಲ್ಲ ಕೇಳಿಸಿಕೊಂಡು, "ಅಂಗಾರೆ ನಿಂಗೆ ಸುಸ್ತಾಗಕ್ಕೂ ನಾನೇ ಕಾರಣ ಅನ್ನು" ಅಂದಳು.

ಈ ಮೈಟೊಕಾಂಡ್ರಿಯ ಹೆಚ್ಚುವುದು ಯಾವಾಗ? ಓಡುವಾಗಲ್ಲ. ಓಡುವಾಗ ಆಗುವುದೆಲ್ಲ ಖರ್ಚು: ಸ್ನಾಯುವಿನಲ್ಲಿ ಕೂಡಿಟ್ಟ ಇಂಧನವಾದ ಗ್ಲೈಕೊಜನ್ ಕರಗುತ್ತದೆ, ಎಳೆಗಳು ಅಲ್ಲಲ್ಲಿ ಹರಿಯುತ್ತವೆ, ನೀರು ಹೋಗುತ್ತದೆ. ಓಟ ಮುಗಿಸಿದಾಗ ನಾನು ಹೊರಟಾಗ ಇದ್ದದ್ದಕ್ಕಿಂತ ದುರ್ಬಲಳಾಗಿರುತ್ತೇನೆ. ಬಲ ಬರುವುದು ಆಮೇಲಿನ ಗಂಟೆಗಳಲ್ಲಿ. ಕೋಶದ ಒಳಗೆ ಜೀನುಗಳು ಚುರುಕಾಗಿ ಹೊಸ ಪ್ರೋಟೀನುಗಳ ತಯಾರಿ ಶುರುವಾಗುವುದು ನಾನು ಸೆಕೆಂಡ್ ಪಿಯು 'ಬಿ' ಸೆಕ್ಷನ್ನಿನಲ್ಲಿ ಹಾಜರಿ ಕೂಗುವ ಹೊತ್ತಿಗೆ. ಖಾಲಿಯಾದ ಗ್ಲೈಕೊಜನ್ ತುಂಬಲು ಒಂದು ಇಡೀ ದಿನ ಬೇಕು, ಅದನ್ನು ತುಂಬುವುದು ಡಬ್ಬಿಯ ಚಿತ್ರಾನ್ನ, ರಾತ್ರಿಯ ಮುದ್ದೆ. ಹರಿದ ಎಳೆ ಕೂಡಿಸುವ ಬೆಳವಣಿಗೆಯ ಹಾರ್ಮೋನು ಅತಿ ಹೆಚ್ಚು ಸುರಿಯುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಓಟ ಒಂದು ಪ್ರಶ್ನೆ ಹಾಕಿ ಹೋಗುತ್ತದೆ, ಉತ್ತರ ತಯಾರಾಗುವುದು ಅಡುಗೆಮನೆ, ಕಾಲೇಜು, ಹಾಸಿಗೆಗಳಲ್ಲಿ. ಓಟದ ಗಂಟೆ ಬಿಟ್ಟು ಉಳಿದ ಆ 23 ಗಂಟೆಯಿಂದ ಓಟಕ್ಕೆ ಕದಿಯುವುದು ಎಂದರೆ ಯಾರ ಮನೆಯಿಂದ ಯಾರು ಕದ್ದಂತೆ?

ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಮಗ್ಗುಲಿನ ಕಾಲುವೆ ಏರಿಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಒಂದು ಕಡೆ ನೀರು, ಒಂದು ಕಡೆ ಭತ್ತದ ಗದ್ದೆ, ಕಾಲ ಕೆಳಗೆ ಮಣ್ಣು. ಮಳೆಗಾಲ ಕಳೆಯುವ ಹೊತ್ತಿಗೆ ಬರುವ ಓಟವಾದ್ದರಿಂದ ಗೌರಿ ಗಣೇಶ ಹಬ್ಬ ಅದರ ಹಿಂದೆಯೋ ಮುಂದೆಯೋ ಬೀಳುತ್ತದೆ. ಒಂದು ವರ್ಷ ಹಬ್ಬ, ನೆಂಟರು, ಮನೆ ತೊಳೆಯುವುದು, ಅತ್ತೆಯ ಜ್ವರ ಎಲ್ಲ ಸೇರಿ ಓಟಕ್ಕೆ ಮೊದಲಿನ ಎರಡು ವಾರ ಶೂ ಮುಟ್ಟಿದ್ದೇ ಅಪರೂಪ. ಹಾಫ್ ಮ್ಯಾರಥಾನ್ ಓಡುವುದು ಬೇಡ, ಸುಮ್ಮನೆ ಹೋಗಿ ಚಪ್ಪಾಳೆ ತಟ್ಟಿ ಬರೋಣ ಅನ್ನಿಸಿತ್ತು. ಆ ದಿನ ಕಾಲು ನನ್ನದೋ ಬೇರೆಯವರದೋ ಎಂಬಷ್ಟು ಹಗುರ. ಪಳಗಿದ ಓಟಗಾರರಿಗೆ ಇದು ಹೊಸದಲ್ಲ: ದೊಡ್ಡ ಓಟಕ್ಕೆ ಎರಡು ವಾರ ಮುಂಚಿನಿಂದಲೇ ಓಟ ಇಳಿಸುತ್ತಾ ಬರುವುದಕ್ಕೆ ಟೇಪರ್ ಎನ್ನುತ್ತಾರೆ. ತಿಂಗಳುಗಟ್ಟಲೆ ಮೈ ತುಂಬಿಟ್ಟುಕೊಂಡದ್ದು ಆಗ ಎದ್ದು ಕಾಣುತ್ತದೆ. ನನಗೆ ಟೇಪರ್ ಮಾಡಿಸಿದ್ದು ಕಡುಬಿನ ಕಣಕ.

ಹೀಗೆ ಹೇಳುವಾಗ ಒಂದು ಅಳುಕು. ನಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ಹೆಂಗಸು ನಾನು ಹೊರಡುವ ಹೊತ್ತಿಗಾಗಲೇ ಮೂಲೆಮನೆಯವರೆಗೆ ಗುಡಿಸಿರುತ್ತಾರೆ. ಒಂದು ದಿನ ಪೊರಕೆ ಊರಿಕೊಂಡು ನಿಂತು ಕೇಳಿದರು: "ಅಲ್ಲ ಕಣಮ್ಮಾ, ದಿನಾ ಕೆರೆ ಸುತ್ತಿ ಸುತ್ತಿ ಬತ್ತೀರಲ್ಲ, ಎಲ್ಲಿಗೂ ಹೋಗಕಿಲ್ವಾ?" ನಗುತ್ತಾ ಕೇಳಿದ ಮಾತು. ನನ್ನಂಥ ಅರವತ್ತು ಕೆ.ಜಿ. ಹೆಂಗಸು 10 ಕಿಲೋಮೀಟರ್ ಓಡಿದರೆ ಸುಮಾರು 600 ಕ್ಯಾಲೊರಿ ಖರ್ಚು. ಖರ್ಚು ಮಾಡಲೆಂದೇ ಖರ್ಚು ಮಾಡುವುದು. ಅವರಿಗೆ ಅಷ್ಟು ಕ್ಯಾಲೊರಿ ಸಂಪಾದಿಸುವುದೇ ದಿನದ ಕೆಲಸ.

ವ್ಯಾಯಾಮಕ್ಕೂ ಹೃದ್ರೋಗಕ್ಕೂ ಇರುವ ನಂಟಿನ ಅಧ್ಯಯನ ಶುರುವಾದದ್ದೂ ದುಡಿಯುವವರಿಂದಲೇ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದ. ದಿನವಿಡೀ ಕೂತಿರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದ್ರೋಗ ಕಡಿಮೆ. ಹಾಗಾದರೆ ಬೀದಿ ಗುಡಿಸುವವರು, ಗಾರೆ ಕೆಲಸದವರು, ಎಲ್ಲರೂ ನಮಗಿಂತ ಗಟ್ಟಿಯಾಗಿರಬೇಕಲ್ಲ? ಅಲ್ಲಿ ಲೆಕ್ಕ ತಪ್ಪುತ್ತದೆ. ಬಿಡುವಿನಲ್ಲಿ ಮಾಡುವ ಶ್ರಮ ಹೃದಯಕ್ಕೆ ಒಳ್ಳೆಯದು ಮಾಡುತ್ತದೆ, ಹೊಟ್ಟೆಪಾಡಿನ ಶ್ರಮ ಹಾಗೇ ಮಾಡುತ್ತದೆ ಎಂದು ಹೇಳಲಾಗದು, ಕೆಲವೊಮ್ಮೆ ಕೆಡುಕೇ ಆಗುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು ಈಚೆಗೆ ತೋರಿಸುತ್ತಾ ಬಂದಿದ್ದಾರೆ. ಅವರು ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು, ಅಂಥ ಕೆಲಸದಲ್ಲಿ ಮೈ ಸುಧಾರಿಸಿಕೊಳ್ಳಲು ಹೊತ್ತು ಸಿಗುವುದಿಲ್ಲ. ಬೀದಿ ಗುಡಿಸಿ ಮುಗಿಸಿ ಆಕೆ ಎರಡು ಮನೆಯ ಪಾತ್ರೆ ತೊಳೆಯಲು ಹೋಗುತ್ತಾರೆ. ಅಲ್ಲಿಂದ ಮನೆಗೆ ಹೋಗಿ ಮೊಮ್ಮಗುವನ್ನು ನೋಡಿಕೊಳ್ಳಬೇಕು. ನನ್ನ ಅನುಕೂಲ ಎಂದರೆ ಓಡಲು ಒಂದು ಗಂಟೆ ಸಿಗುವುದು ಎಂದೇ ನಾನು ಎಣಿಸಿದ್ದೆ. ಓಡಿದ ಮೇಲೆ ಕೂರಲು ಕುರ್ಚಿ, ಹೊತ್ತಿಗೆ ಸರಿಯಾಗಿ ಊಟ, ಏಳು ಗಂಟೆ ನಿದ್ದೆ: ಪುಣ್ಯ ಇರುವುದು ಇಲ್ಲಿ. ಎಲ್ಲಿಗೂ ಹೋಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಆ ದಿನ ನಾನೂ ನಕ್ಕೆ. ಈಗಲೂ ಬೇರೆ ಉತ್ತರ ಹೊಳೆದಿಲ್ಲ.

ಇನ್ನು ಹಿಮ್ಮಡಿಯ ಕತೆ. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ದಪ್ಪ ಸ್ನಾಯುರಜ್ಜುವಿಗೆ ಅಕಿಲಿಸ್ ಎಂದು ಹೆಸರು. ಕಾಲು ನೆಲಕ್ಕೆ ಬಿದ್ದಾಗ ಹಿಗ್ಗಿ, ಎತ್ತುವಾಗ ಕುಗ್ಗಿ, ಒಂದೊಂದು ಹೆಜ್ಜೆಯ ಶಕ್ತಿಯಲ್ಲಿ ಮೂರನೇ ಒಂದರಷ್ಟನ್ನು ಅದು ವಾಪಸು ಕೊಡುತ್ತದೆ. ನನಗೆ ಅಲ್ಲಿ ನೋವು ಬಂತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ನಾಲ್ಕು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಒಂದೇ ವ್ಯಾಯಾಮ: ಮೆಟ್ಟಿಲಿನ ಅಂಚಿನಲ್ಲಿ ಬೆರಳ ಬುಡದ ಮೇಲೆ ನಿಂತು, ನೋಯುವ ಕಾಲಿನ ಮೇಲೆ ಭಾರ ಹಾಕಿ, ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ನಿಧಾನವಾಗಿ ಇಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಾಗಿಸಿ 15ರಂತೆ ಮೂರು ಸಲ, ಬೆಳಿಗ್ಗೆ ಸಂಜೆ, 12 ವಾರ.

ಈ ವ್ಯಾಯಾಮಕ್ಕೂ ಒಂದು ಮಜವಾದ ಹುಟ್ಟುಕತೆ ಇದೆ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ಮೂಳೆ ಡಾಕ್ಟರು, ಹವ್ಯಾಸಕ್ಕೆ ಓಡುವವರು. ಅವರಿಗೂ ಇದೇ ನೋವು. ಆಪರೇಷನ್ ಮಾಡಿ ಎಂದು ತಮ್ಮ ಮೇಲಿನ ಡಾಕ್ಟರನ್ನು ಕೇಳಿದರೆ ಅವರು ಒಪ್ಪಲಿಲ್ಲ. ಪೂರ್ತಿ ಹರಿದು ಹೋದರಾದರೂ ಮಾಡಲೇಬೇಕಲ್ಲ ಎಂದುಕೊಂಡು, ನೋವಾಗುವಂತೆ ಬೇಕೆಂದೇ ದಿನಾ ಹಿಮ್ಮಡಿ ಇಳಿಸಲು ಶುರು ಮಾಡಿದರು. ಹರಿಯುವ ಬದಲು ವಾಸಿಯಾಯಿತು. ಆಮೇಲೆ ಆಪರೇಷನ್ನಿಗೆ ಕಾದಿದ್ದ 15 ಜನ ಹವ್ಯಾಸಿ ಓಟಗಾರರಿಗೆ ಅದನ್ನೇ ಮಾಡಿಸಿ 1998ರಲ್ಲಿ ಪ್ರಕಟಿಸಿದರು. ಹದಿನೈದೂ ಜನ ಮತ್ತೆ ಓಡಿದ್ದರು.

ನಮ್ಮ ಹಿತ್ತಿಲ ಬಾಗಿಲಿಗೆ ಎರಡು ಮೆಟ್ಟಿಲಿವೆ. ಬಚ್ಚಲ ಹಂಡೆ ತುಂಬುವಷ್ಟು ಹೊತ್ತು ಅಲ್ಲಿ ನಿಂತು ಹಿಮ್ಮಡಿ ಇಳಿಸುವುದು ಅಭ್ಯಾಸವಾಯಿತು. ಒಳಗೆ ಒಲೆಯ ಮೇಲೆ ಹಾಲು, ಹೊರಗೆ ನಾನು. ಎಣಿಕೆ ಹದಿನಾಲ್ಕಕ್ಕೆ ಬಂದಾಗಲೇ ಹಾಲು ಉಕ್ಕುವ ಸದ್ದು ಬರುತ್ತಿದ್ದುದು ಹೇಗೋ ಕಾಣೆ. ಅತ್ತೆ ಬಾಗಿಲಿಗೆ ಒರಗಿ ನಿಂತು ಸೊಪ್ಪು ಬಿಡಿಸುತ್ತಾ ನನ್ನ ಪರವಾಗಿ ಎಣಿಸತೊಡಗಿದರು. "ಹನ್ನೊಂದು. ಪೂರ್ತಿ ಇಳಿಸು, ಅರ್ಧಕ್ಕೇ ಎದ್ದೆ." ನಾನು ಓಡುವುದಕ್ಕೆ ಅವರು ಕೊಟ್ಟ ಮೊದಲ ಒಪ್ಪಿಗೆ ಅದು ಎಂದೇ ನಾನು ಭಾವಿಸಿದ್ದೇನೆ, ಅವರು ಹಾಗೆಂದು ಒಪ್ಪಿಕೊಳ್ಳುವುದಿಲ್ಲ.

ಆ ನೋವಿನ ದಿನಗಳಲ್ಲಿ ಓದಲು ಸಿಕ್ಕಿದ ಒಂದು ಸಂಗತಿ ಮನಸ್ಸಿನಿಂದ ಹೋಗಿಲ್ಲ. 1950ರ ದಶಕದಿಂದ 1963ರವರೆಗೆ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷೆ ಮಾಡಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿತು, ಒಪ್ಪಂದವಾಗಿ ಅಂಥ ಪರೀಕ್ಷೆ ಬಹುಮಟ್ಟಿಗೆ ನಿಂತ ಮೇಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಗಾಳಿಯಲ್ಲಿದ್ದದ್ದು ಬೆಳೆಗೆ, ಬೆಳೆಯಿಂದ ನಮ್ಮ ಮೈಗೆ. ಹಾಗಾಗಿ ಮೈಯ ಯಾವುದೇ ಭಾಗದ ಇಂಗಾಲ ನೋಡಿ ಅದು ಯಾವ ವರ್ಷಗಳಲ್ಲಿ ತಯಾರಾದದ್ದು ಎಂದು ಹೇಳಬಹುದು. ಕೋಪನ್‌ಹೇಗನ್ನಿನ ವಿಜ್ಞಾನಿಗಳು ಹೀಗೆ ಅಕಿಲಿಸ್ ಸ್ನಾಯುರಜ್ಜುವನ್ನು ಪರೀಕ್ಷಿಸಿ 2013ರಲ್ಲಿ ಬರೆದರು: ಅದರ ತಿರುಳು ನಾವು ಬೆಳೆಯುವ ಮೊದಲ 17 ವರ್ಷಗಳಲ್ಲಿ ತಯಾರಾಗುತ್ತದೆ, ಆಮೇಲೆ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ರಕ್ತದ ನೀರಿಗೆ ಒಂದು ದಿನ ಸಾಕು, ಚರ್ಮಕ್ಕೆ ವಾರಗಳು, ಮೂಳೆಯೂ ತಿಂಗಳುಗಟ್ಟಲೆ ಕುಟ್ಟಿ ಕಟ್ಟಿ ಹೊಸದಾಗುತ್ತಿರುತ್ತದೆ. ಇದು ಮಾತ್ರ ಹಳೆಯದೇ.

ನಾನು ಬೆಳೆದದ್ದು ಎಂಬತ್ತರ ದಶಕದಲ್ಲಿ. ನಾಗಮಂಗಲದ ಕಡೆ ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅವರೆ. ಅಂದರೆ ನಾನು ಇವತ್ತು ಕುಕ್ಕರಹಳ್ಳಿಯಲ್ಲಿ ಊರುವ ಹೆಜ್ಜೆ ಹೆಜ್ಜೆಗೂ ಹಿಗ್ಗಿ ಕುಗ್ಗುವುದು ಆ ಹೊಲದ ರಾಗಿ, ಅವ್ವ ಕಾಯಿಸಿದ ಹುರುಳಿಕಟ್ಟಿನ ಸಾರು, ಆ ವರ್ಷಗಳ ಗಾಳಿ. ಆ ಹೊಲ ಈಗ ನಮ್ಮದಲ್ಲ. ಮನೆಯೂ ಬಿದ್ದು ಹೊಸದಾಗಿ ಕಟ್ಟಿದ್ದಾಗಿದೆ. ನಾನು ಸ್ಕೂಲಿಗೆ ನಡೆದುಹೋಗುತ್ತಿದ್ದ ಗಾಡಿದಾರಿ ಟಾರು ಕಂಡಿದೆ. ಯಾವುದೋ ಮರಳುಗಾಡಿನಲ್ಲಿ ಯಾರೋ ಸಿಡಿಸಿದ ಬಾಂಬಿನ ಕಣವೂ ಹಿಮ್ಮಡಿಯ ಈ ರಜ್ಜುವಿನಲ್ಲಿ ಒಂದಿಷ್ಟು ಸೇರಿಕೊಂಡಿದೆ ಅನ್ನುವುದು ಬೇರೆ. ಮೆಟ್ಟಿಲಿನ ಮೇಲೆ ನಿಂತು ಹಿಮ್ಮಡಿ ಇಳಿಸುವಾಗ ಕೈ ಹಿಂದೆ ಚಾಚಿ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದೆ. ಚರ್ಮದ ಕೆಳಗೆ ಬೆರಳಿನಷ್ಟು ದಪ್ಪ, ಬಿಗಿ, ಒತ್ತಿದರೆ ಸ್ವಲ್ಪ ನೋವು.

ಮಗಳಿಗೆ ಇದನ್ನೆಲ್ಲ ಹೇಳದೆ ಇರಲಾಗಲಿಲ್ಲ. ಒಂಬತ್ತನೇ ಕ್ಲಾಸು, ನನ್ನ ಜೊತೆ ಓಡಲು ಬಾ ಅಂದರೆ ಮುಸುಕು ಇನ್ನೂ ಮೇಲಕ್ಕೆ ಎಳೆದುಕೊಳ್ಳುವ ವಯಸ್ಸು. ಬೆಳಿಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ನಿನ್ನದು ಇನ್ನೂ ತಯಾರಾಗ್ತಾ ಇದೆ ಕಣೇ, ಇನ್ನೊಂದು ಮೂರು ವರ್ಷ, ಈಗ ನೀನು ತಿಂದದ್ದು, ಈ ಮೈಸೂರಿನ ಗಾಳಿ, ಎಲ್ಲ ಅದರಲ್ಲಿ ಸೇರಿಬಿಡುತ್ತೆ, ಮುದುಕಿಯಾದ ಮೇಲೂ ಅದರ ಮೇಲೆಯೇ ನಡೀತೀಯ ಅಂದೆ.

"ಅಮ್ಮಾ, ಜಡೆ ಹಾಕೋವಾಗ್ಲಾದ್ರೂ ಬಯಾಲಜಿ ಬೇಡ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಲು ಮಡಚಿ ಹಿಮ್ಮಡಿ ಮುಟ್ಟಿ ನೋಡಿಕೊಂಡಳು. "ಹಾಗಾದ್ರೆ ಇವತ್ತು ಮ್ಯಾಗಿ ತಿಂದ್ರೆ, ನಂಗೆ ಎಪ್ಪತ್ತು ವರ್ಷ ಆದಾಗ್ಲೂ ಇಲ್ಲಿ ಮ್ಯಾಗಿ ಇರುತ್ತಾ?"

ಇರುತ್ತೆ, ಒಂದಿಷ್ಟು ಇರುತ್ತೆ ಅಂದೆ.

"ಸೂಪರ್" ಎಂದು ಡಬ್ಬಿಗೆ ಎರಡು ಪ್ಯಾಕೆಟ್ ಕೇಳಿದಳು. ಚೌಕಾಸಿ ಮಾಡಿ ಒಂದಕ್ಕೆ ಇಳಿಸಿದೆ, ಅವಳು ಬ್ಯಾಗು ತರಲು ಹೋದಾಗ ಅದಕ್ಕೆ ಒಂದು ಹಿಡಿ ಬೆಂದ ಅವರೆಕಾಳು ಸೇರಿಸಿದೆ.